ಇಪ್ಪತ್ತೇಳು ವರ್ಷ ಒಂದೇ ಕಾಲೇಜು: ಬೆಂಜಮಿನ್ ಮೇಸ್ ಅವರನ್ನು ನಾವು ಯಾಕೆ ಓದಬೇಕು?

ಕಪಾಟಿನ ಧೂಳು (ಚರ್ಚೆ ಆರಂಭಿಸಿದವರು)

1968ರ ಏಪ್ರಿಲ್ 9ರಂದು ಅಟ್ಲಾಂಟದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಅಂತ್ಯಸಂಸ್ಕಾರ ನಡೆಯಿತು. ಚರ್ಚಿನಲ್ಲಿ ಪ್ರಾರ್ಥನೆ ಮುಗಿದ ಮೇಲೆ ಹೇಸರಗತ್ತೆಗಳು ಎಳೆಯುವ ಗಾಡಿಯಲ್ಲಿ ಶವಪೆಟ್ಟಿಗೆಯನ್ನು ಮೋರ್‌ಹೌಸ್ ಕಾಲೇಜಿಗೆ ತಂದರು. ಅಲ್ಲಿ ಬಯಲಿನಲ್ಲಿ ನೆರೆದ ಜನಸ್ತೋಮದ ಎದುರು ನುಡಿನಮನ ಸಲ್ಲಿಸಿದವರು 73 ವರ್ಷದ ಬೆಂಜಮಿನ್ ಎಲೈಜಾ ಮೇಸ್. ಇಬ್ಬರಲ್ಲಿ ಯಾರು ಮೊದಲು ಹೋಗುತ್ತಾರೋ ಅವರಿಗೆ ಉಳಿದವರು ಆ ಮಾತು ಆಡಬೇಕೆಂದು ಮೊದಲೇ ಒಪ್ಪಂದವಾಗಿತ್ತು. ವಯಸ್ಸಿನ ಲೆಕ್ಕದಲ್ಲಿ ಅದನ್ನು ಆಡಬೇಕಾದವರು 39 ವರ್ಷದ ಕಿಂಗ್.

ಮೇಸ್ ಅವರ ಹೆಸರು ಬಂದಲ್ಲೆಲ್ಲ ‘ಕಿಂಗ್ ಅವರ ಗುರು’ ಎಂಬಷ್ಟಕ್ಕೇ ಮಾತು ಮುಗಿಯುತ್ತದೆ. ಅದರ ಬಗ್ಗೆ ನನಗೆ ತಕರಾರಿದೆ. ಅವರು 1940ರಿಂದ 1967ರವರೆಗೆ, ಸತತ 27 ವರ್ಷ, ಹಣವಿಲ್ಲದ ಒಂದು ಕಾಲೇಜಿನ, ಅಂದರೆ ಇದೇ ಮೋರ್‌ಹೌಸಿನ, ಅಧ್ಯಕ್ಷರಾಗಿದ್ದರು. ಕಿಂಗ್ ಅಲ್ಲಿ ವಿದ್ಯಾರ್ಥಿಯಾಗಿದ್ದದ್ದು ನಾಲ್ಕೇ ವರ್ಷ. ಉಳಿದ 23 ವರ್ಷ ಮೇಸ್ ಏನು ಮಾಡುತ್ತಿದ್ದರು ಎಂದು ಯಾರೂ ಕೇಳುವುದಿಲ್ಲ. ದೊಡ್ಡ ಶಿಷ್ಯ ಸಿಕ್ಕಿದ್ದು ಅದೃಷ್ಟ ಎಂದೇ ಇಟ್ಟುಕೊಳ್ಳೋಣ. ಆ ಶಿಷ್ಯ ಬಂದು ಕುಳಿತುಕೊಳ್ಳುವ ಬೆಂಚು ಮುರಿಯದಂತೆ ನೋಡಿಕೊಂಡದ್ದು ಅದೃಷ್ಟವಲ್ಲ.

ಹುಟ್ಟಿದ್ದು 1894ರ ಆಗಸ್ಟ್ 1, ದಕ್ಷಿಣ ಕ್ಯಾರೊಲೈನಾದ ಎಪ್‌ವರ್ತ್ ಎಂಬ ಹಳ್ಳಿಯ ಬಳಿ. ಎಂಟು ಮಕ್ಕಳಲ್ಲಿ ಕಿರಿಯವರು. ತಂದೆ, ತಾಯಿ ಇಬ್ಬರೂ ಗುಲಾಮಗಿರಿಯಲ್ಲಿ ಹುಟ್ಟಿದವರು; ಆಮೇಲೆ ಗೇಣಿ ಹೊಲದಲ್ಲಿ ಹತ್ತಿ ಬೆಳೆದು ಬದುಕಿದವರು. ಮೇಸ್ ಅವರ ಮೊಟ್ಟಮೊದಲ ನೆನಪು 1898ರ ನವೆಂಬರಿನದು. ಹತ್ತಿರದ ಫೀನಿಕ್ಸ್‌ನಲ್ಲಿ ಚುನಾವಣೆಯ ದಿನ ಗಲಭೆಯಾಗಿ ಕಪ್ಪು ಜನರನ್ನು ಹುಡುಕಿ ಕೊಲ್ಲುವುದು ಶುರುವಾಗಿತ್ತು. ಬಂದೂಕು ಹಿಡಿದು ಕುದುರೆಯೇರಿ ಬಂದ ಬಿಳಿಯರ ಗುಂಪೊಂದು ಅವರ ತಂದೆಯನ್ನು ತಡೆದು, ಟೋಪಿ ತೆಗೆಸಿ, ಮತ್ತೆ ಮತ್ತೆ ತಲೆ ಬಾಗಿಸಿತು. ನಾಲ್ಕು ವರ್ಷದ ಮಗ ಅದನ್ನು ನಿಂತು ನೋಡಿದ.

ಕಪ್ಪು ಮಕ್ಕಳ ಶಾಲೆ ನಡೆಯುತ್ತಿದ್ದದ್ದು ವರ್ಷಕ್ಕೆ ನಾಲ್ಕು ತಿಂಗಳು, ಹೊಲದಲ್ಲಿ ಕೆಲಸವಿಲ್ಲದ ಕಾಲದಲ್ಲಿ. ಮಗ ಅದಕ್ಕಿಂತ ಹೆಚ್ಚು ಓದುವುದು ತಂದೆಗೆ ಬೇಕಿರಲಿಲ್ಲ. ಆರೆಂಜ್‌ಬರ್ಗ್‌ನ ಶಾಲೆಗೆ ಹೊರಟ ಮಗನತ್ತ ಅವರು ಸಿಟ್ಟಿನಿಂದ ಹತ್ತು ಡಾಲರಿನ ನೋಟು ಎಸೆದರು. ಅಲ್ಲಿ ಉಳಿದ ಖರ್ಚಿಗೆ ಮೇಸ್ ಪಾಯಿಖಾನೆ ಶುಚಿಗೊಳಿಸುವ ಕೆಲಸ ಹಿಡಿದರು. ಪ್ರೌಢಶಾಲೆ ಮುಗಿದದ್ದು 1916ರಲ್ಲಿ, 22ರ ಹತ್ತಿರದ ವಯಸ್ಸಿನಲ್ಲಿ, ತರಗತಿಗೆ ಮೊದಲಿಗರಾಗಿ.

ಮುಂದೆ ಉತ್ತರಕ್ಕೆ ಹೋಗುವ ಹಟ. ಬಿಳಿಯರ ಜೊತೆ ಒಂದೇ ತರಗತಿಯಲ್ಲಿ ಕುಳಿತು ಸ್ಪರ್ಧಿಸದಿದ್ದರೆ ತಾನು ಕಡಿಮೆಯಲ್ಲ ಎಂಬುದು ತನಗೆ ತಾನೇ ಖಚಿತವಾಗುವುದು ಹೇಗೆ ಎಂಬುದು ಅವರ ಪ್ರಶ್ನೆಯಾಗಿತ್ತು. ನ್ಯೂ ಹ್ಯಾಂಪ್‌ಶೈರಿನ ಒಂದು ಶಾಲೆ ಬಣ್ಣ ನೋಡಿ ಬಾಗಿಲು ಹಾಕಿತು. ಮೇನ್ ರಾಜ್ಯದ ಬೇಟ್ಸ್ ಕಾಲೇಜು ತೆರೆಯಿತು. ಅಲ್ಲಿ ಭಾಷಣ ಸ್ಪರ್ಧೆ ಗೆದ್ದರು, ಚರ್ಚಾ ತಂಡದ ನಾಯಕರಾದರು, 1920ರಲ್ಲಿ ಪದವಿ ಪಡೆದರು. ಶಿಕಾಗೊ ವಿಶ್ವವಿದ್ಯಾಲಯದಿಂದ 1925ರಲ್ಲಿ ಎಂ.ಎ., 1935ರಲ್ಲಿ ಪಿಎಚ್‌.ಡಿ. ನಡುವಿನ ಹತ್ತು ವರ್ಷ ಅಧ್ಯಾಪನ, ಸಮಾಜಸೇವೆ, ವೈಎಂಸಿಎ (ಕ್ರೈಸ್ತ ಯುವಕರ ಸಂಘ) ಕೆಲಸ. ಓದಿನ ದಿನಗಳಲ್ಲಿ ರೈಲಿನ ಪುಲ್‌ಮನ್ ಬೋಗಿಗಳಲ್ಲಿ ಪೋರ್ಟರ್ ಆಗಿಯೂ ದುಡಿದಿದ್ದರು. 1934ರಲ್ಲಿ ವಾಷಿಂಗ್ಟನ್ನಿನ ಹೊವರ್ಡ್ ವಿಶ್ವವಿದ್ಯಾಲಯದ ಧರ್ಮಶಾಸ್ತ್ರ ವಿಭಾಗದ ಡೀನ್. 1940ರಲ್ಲಿ ಮೋರ್‌ಹೌಸ್.

ಯಾರಿಗಾದರೂ ಆಸಕ್ತಿ ಇದ್ದರೆ ಮುಂದಿನದನ್ನು ಬರೆಯುತ್ತೇನೆ.

ತೊಗರಿ ಸೀಮೆ

ಬರೆಯಿರಿ ಸರ್. ಅದಕ್ಕೆ ಮೊದಲು ಒಂದು ಸಂದೇಹ. ಅಮೆರಿಕದ ಕಾಲೇಜಿನ ಅಧ್ಯಕ್ಷ ಎಂದರೆ ನಮ್ಮ ಪ್ರಾಂಶುಪಾಲರ ಹಾಗೆಯೇ, ಕುಲಪತಿಗಳ ಹಾಗೆಯೇ, ಇಲ್ಲ ಆಡಳಿತ ಮಂಡಳಿಯ ಅಧ್ಯಕ್ಷರ ಹಾಗೆಯೇ? 27 ವರ್ಷ ಒಬ್ಬರನ್ನೇ ಕೂರಿಸಲು ಅಲ್ಲಿನ ಸರ್ಕಾರ ಒಪ್ಪುತ್ತದೆಯೇ?

ಪೀಚ್‌ಟ್ರೀ ಕನ್ನಡಿಗ

ನಾನು ಅಟ್ಲಾಂಟದಲ್ಲಿದ್ದೇನೆ, ಆದ್ದರಿಂದ ಉತ್ತರಿಸುವ ಧೈರ್ಯ ಮಾಡುತ್ತೇನೆ. ಮೂವರ ಕೆಲಸದಲ್ಲೂ ಪಾಲಿದೆ. ಮೋರ್‌ಹೌಸ್ ಖಾಸಗಿ ಕಾಲೇಜು. ಟ್ರಸ್ಟಿಗಳ ಮಂಡಳಿ ಅಧ್ಯಕ್ಷರನ್ನು ಆರಿಸುತ್ತದೆ, ಬೇಡವಾದರೆ ತೆಗೆಯುತ್ತದೆ. ರಾಜ್ಯಪಾಲರು, ಸರ್ಕಾರದ ಶೋಧನಾ ಸಮಿತಿ, ಅಧಿಸೂಚನೆ ಯಾವುದೂ ಇಲ್ಲ. ಪಾಠದ ಮಟ್ಟ, ನೇಮಕ, ದೇಣಿಗೆ ಎತ್ತುವುದು, ಹಳೆಯ ವಿದ್ಯಾರ್ಥಿಗಳನ್ನು ಹಿಡಿದಿಟ್ಟುಕೊಳ್ಳುವುದು, ಊರಿನ ರಾಜಕಾರಣಿಗಳ ಜೊತೆ ಏಗುವುದು ಎಲ್ಲವೂ ಅಧ್ಯಕ್ಷರ ತಲೆಗೇ.

ಕಾಲೇಜಿನ ಹಿನ್ನೆಲೆ ಚಿಕ್ಕದಾಗಿ: 1867ರಲ್ಲಿ, ಅಂತರ್ಯುದ್ಧ ಮುಗಿದ ಎರಡೇ ವರ್ಷಕ್ಕೆ, ಜಾರ್ಜಿಯಾದ ಅಗಸ್ಟಾದಲ್ಲಿ ಶುರುವಾಯಿತು. ಬಿಡುಗಡೆಯಾದ ಗುಲಾಮರಿಗೆ ಓದು ಕಲಿಸಿ ಪಾದ್ರಿಗಳನ್ನೂ ಶಿಕ್ಷಕರನ್ನೂ ತಯಾರಿಸುವುದು ಉದ್ದೇಶ. 1879ರಲ್ಲಿ ಅಟ್ಲಾಂಟಕ್ಕೆ ಬಂತು, 1913ರಲ್ಲಿ ಈಗಿನ ಹೆಸರು ಸಿಕ್ಕಿತು. ಮೊದಲ ಕಪ್ಪು ಅಧ್ಯಕ್ಷರಾದ ಜಾನ್ ಹೋಪ್ ಬಂದದ್ದು 1906ರಲ್ಲಿ. 1921ರಲ್ಲಿ ಮೇಸ್ ಅವರನ್ನು ಗಣಿತ ಕಲಿಸಲು ಕರೆತಂದವರೂ ಅವರೇ. 1929ರ ಒಂದು ಒಪ್ಪಂದದಲ್ಲಿ ಪಕ್ಕಪಕ್ಕದ ಕಾಲೇಜುಗಳು ಅಟ್ಲಾಂಟ ವಿಶ್ವವಿದ್ಯಾಲಯದ ಜೊತೆ ಕೈಜೋಡಿಸಿದವು. ಆಮೇಲೆ ಮೋರ್‌ಹೌಸಿನ ಹಣದ ಕೀಲಿಕೈ ಬಹುಪಾಲು ಆ ವಿಶ್ವವಿದ್ಯಾಲಯದ ಬಳಿ ಉಳಿಯಿತು. ಮೇಸ್ ಬಂದಾಗ ಕಾಲೇಜಿನ ಸ್ಥಿತಿ ಇದು: ಹೆಸರು ದೊಡ್ಡದು, ಜೇಬು ಬೇರೆಯವರದು.

ಕಪಾಟಿನ ಧೂಳು

ಧನ್ಯವಾದ. ಜೇಬಿನ ಮಾತಿನಿಂದಲೇ ಮುಂದುವರಿಸುತ್ತೇನೆ.

ಮೇಸ್ ಬಂದವರೇ ಶುಲ್ಕದ ಬಾಕಿಗೆ ಕೈಹಾಕಿದರು. ಕಟ್ಟದೆ ಉಳಿಸಿಕೊಂಡವರನ್ನು ಬಿಡಲಿಲ್ಲ. ಹುಡುಗರು ಅವರಿಗೆ ‘ಬಕ್ ಬೆನ್ನಿ’ ಎಂದು ಅಡ್ಡಹೆಸರಿಟ್ಟರು. ಡಾಲರ್ ವಸೂಲಿಯ ಬೆನ್ನಿ ಎಂದುಕೊಳ್ಳಿ. ಆ ಹೆಸರು ಕೊನೆಯವರೆಗೂ ಅಂಟಿಕೊಂಡಿತು. ಬಡವರ ಮನೆಯಿಂದ, ಪಾಯಿಖಾನೆ ತೊಳೆದು ಓದಿದ ಮನುಷ್ಯ ಬಡ ಹುಡುಗರಿಂದ ಶುಲ್ಕ ಕೀಳುವುದು ನೋಡಲು ಚೆನ್ನಾಗಿರುವುದಿಲ್ಲ. ಆದರೆ ಆ ಹಣವಿಲ್ಲದಿದ್ದರೆ ಅಧ್ಯಾಪಕರಿಗೆ ಸಂಬಳವಿಲ್ಲ, ಸಂಬಳವಿಲ್ಲದಿದ್ದರೆ ಓದಿದವರು ಆ ಕಾಲೇಜಿನತ್ತ ತಲೆ ಹಾಕುವುದಿಲ್ಲ. ಅವರು ಹೊರಡುವ ಹೊತ್ತಿಗೆ ಅಧ್ಯಾಪಕರಲ್ಲಿ ಸುಮಾರು ಅರ್ಧದಷ್ಟು ಮಂದಿ ಡಾಕ್ಟರೇಟ್ ಪಡೆದವರಾಗಿದ್ದರು; ಬಂದಾಗ ಅಂಥವರು ಬೆರಳೆಣಿಕೆಯಷ್ಟು.

ಆಗಲೇ ಎರಡನೆಯ ಮಹಾಯುದ್ಧ ಬಂತು. ಇದು ಗಂಡುಮಕ್ಕಳ ಕಾಲೇಜು, ಹುಡುಗರೆಲ್ಲ ಸೇನೆಗೆ ಹೋದರು, ತರಗತಿಗಳು ಬರಿದಾದವು. ಮುಚ್ಚಬೇಕಾಗುತ್ತದೋ ಏನೋ ಎಂಬ ಸ್ಥಿತಿಯಲ್ಲಿ ಮೇಸ್ ಒಂದು ಉಪಾಯ ಮಾಡಿದರು: ಪ್ರೌಢಶಾಲೆ ಪೂರ್ತಿ ಮುಗಿಸದಿದ್ದರೂ ಪರೀಕ್ಷೆಯಲ್ಲಿ ಗೆದ್ದ ಜಾಣ ಹುಡುಗರನ್ನು ಸೇರಿಸಿಕೊಳ್ಳುವುದು. ಹಾಗೆ 1944ರಲ್ಲಿ ಒಳಗೆ ಬಂದ 15 ವರ್ಷದ ಹುಡುಗರಲ್ಲಿ ಒಬ್ಬ ಮಾರ್ಟಿನ್ ಲೂಥರ್ ಕಿಂಗ್. ಗುರು ಶಿಷ್ಯರ ಕಥೆ ಹೇಳುವವರು ಇದನ್ನು ಹೇಳುವುದಿಲ್ಲ. ಖಾಲಿ ಬೆಂಚು ತುಂಬಿಸುವ ಲೆಕ್ಕಾಚಾರವಿಲ್ಲದಿದ್ದರೆ ಕಿಂಗ್ ಆ ವಯಸ್ಸಿನಲ್ಲಿ, ಆ ವರ್ಷ, ಅಲ್ಲಿ ಇರುತ್ತಿರಲಿಲ್ಲ.

ಅದೇ 1944ರಲ್ಲಿ ಟಸ್ಕೀಗಿ ವಿದ್ಯಾಸಂಸ್ಥೆಯ ಅಧ್ಯಕ್ಷ ಫ್ರೆಡರಿಕ್ ಪ್ಯಾಟರ್ಸನ್ ಅವರ ಮುಂದಾಳತ್ವದಲ್ಲಿ ಕಪ್ಪು ಜನರ ಖಾಸಗಿ ಕಾಲೇಜುಗಳು ಒಂದು ಸಂಯುಕ್ತ ನಿಧಿ ಕಟ್ಟಿಕೊಂಡವು. ಒಬ್ಬೊಬ್ಬರೇ ದಾನಿಗಳ ಬಾಗಿಲಿಗೆ ಅಲೆಯುವುದಕ್ಕಿಂತ ಎಲ್ಲರೂ ಸೇರಿ ಕೇಳೋಣ ಎಂಬ ಯೋಜನೆ. ಮೇಸ್ ಅದರಲ್ಲಿ ಮೊದಲಿನಿಂದ ಇದ್ದರು.

ಇನ್ನು ಮಂಗಳವಾರ ಬೆಳಿಗ್ಗೆಯ ಪ್ರಾರ್ಥನಾ ಸಭೆ. ಸೇಲ್ ಹಾಲ್ ಎಂಬ ಕಟ್ಟಡದಲ್ಲಿ ಹುಡುಗರೆಲ್ಲ ಬಂದು ಕೂರಬೇಕು, ಅಧ್ಯಕ್ಷರು ಮಾತಾಡುತ್ತಾರೆ. ಧರ್ಮ, ರಾಜಕೀಯ, ಗಾಂಧಿ, ಬಣ್ಣಭೇದ, ಸೋಮಾರಿತನ, ಎಲ್ಲವೂ ಬರುತ್ತಿತ್ತು. ಸೋಲುವುದು ಪಾಪವಲ್ಲ, ಸಣ್ಣ ಗುರಿ ಇಟ್ಟುಕೊಳ್ಳುವುದು ಪಾಪ ಎಂಬುದು ಅವರ ಹೆಸರಿನಲ್ಲಿ ಇವತ್ತಿಗೂ ಓಡಾಡುವ ಮಾತು. ಹಿಂದಿನ ಬಾಗಿಲಿನಿಂದ ಹೋಗಿ ಬಾಲ್ಕನಿಯಲ್ಲಿ ಕೂರಿಸುವ ಸಿನಿಮಾ ಮಂದಿರಕ್ಕೆ ದುಡ್ಡು ಕೊಟ್ಟು ಹೋಗಬೇಡಿ ಎಂದು ಹೇಳುತ್ತಿದ್ದರು. ಮೈ ಕಟ್ಟಿಹಾಕಿದರೂ ಮನಸ್ಸನ್ನು ಕಟ್ಟಿಹಾಕಲು ಬಿಡಬೇಡಿ ಎಂಬುದು ಅದರ ತಿರುಳು. ಸಭೆ ಮುಗಿದ ಮೇಲೆ ಕಿಂಗ್, ಮೇಸ್ ಅವರ ಹಿಂದೆಯೇ ಕಚೇರಿಗೆ ಹೋಗಿ ವಾದ ಹೂಡುತ್ತಿದ್ದರು, ಒಪ್ಪದ ಕಡೆ ಒಪ್ಪುವುದಿಲ್ಲ ಎನ್ನುತ್ತಿದ್ದರು. ಮೇಸ್ ಅವರಿಗೆ ಇಷ್ಟವಾದದ್ದು ಅದೇ.

ಸಾಧನಕೇರಿ ಮೇಷ್ಟರು

‘ಬಕ್ ಬೆನ್ನಿ’ ಓದಿ ಒಬ್ಬನೇ ನಕ್ಕೆ. ನಾನು ಉತ್ತರ ಕರ್ನಾಟಕದ ಅನುದಾನಿತ ಕಾಲೇಜೊಂದರಲ್ಲಿ ಪ್ರಾಂಶುಪಾಲನಾಗಿ ನಿವೃತ್ತನಾದವನು. ಮಾರ್ಚ್ ತಿಂಗಳಲ್ಲಿ ಹಾಲ್ ಟಿಕೆಟ್ ತಡೆಹಿಡಿದು ಬಾಕಿ ವಸೂಲಿ ಮಾಡುವುದು ಎಂಥ ಹೊಲಸು ಕೆಲಸ ಎಂದು ಬಲ್ಲೆ. ತಡೆಹಿಡಿದರೆ ಕಟುಕ, ಬಿಟ್ಟರೆ ಏಪ್ರಿಲ್‌ನಲ್ಲಿ ಅರೆಕಾಲಿಕ ಉಪನ್ಯಾಸಕರು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಆದ್ದರಿಂದ ಮೇಸ್ ಅವರ ಭಾಷಣಗಳಿಗಿಂತ ಅವರ ಲೆಕ್ಕದ ಪುಸ್ತಕದ ಮೇಲೆ ನನಗೆ ಗೌರವ ಹೆಚ್ಚು.

ಅವಧಿಯ ಬಗ್ಗೆ ಒಂದು ಮಾತು. ಧಾರವಾಡದವನಾಗಿ ನನಗೆ ಕೂಡಲೇ ನೆನಪಾಗುವವರು ಡಿ.ಸಿ. ಪಾವಟೆ. ಕರ್ನಾಟಕ ವಿಶ್ವವಿದ್ಯಾಲಯಕ್ಕೆ 1954ರಿಂದ 1967ರವರೆಗೆ, 13 ವರ್ಷ, ಅವರೇ ಕುಲಪತಿ. ಮೇಸ್ ಕುರ್ಚಿ ಬಿಟ್ಟ ವರ್ಷವೇ ಇವರೂ ಬಿಟ್ಟು ಪಂಜಾಬಿನ ರಾಜ್ಯಪಾಲರಾಗಿ ಹೋದರು. ಇವತ್ತು ಆ ಗುಡ್ಡದ ಮೇಲೆ ಕಾಣುವ ಕ್ಯಾಂಪಸ್ಸಿನ ರೂಪುರೇಖೆ ಬಹುಮಟ್ಟಿಗೆ ಆ 13 ವರ್ಷಗಳದು. ಈಗಿನ ಕುಲಪತಿಗಳಿಗೆ ನಾಲ್ಕು ವರ್ಷ. ಮೊದಲ ವರ್ಷ ಹಾರ ತುರಾಯಿ, ಎರಡನೆಯ ವರ್ಷ ಹಿಂದಿನವರ ಮೇಲಿನ ವಿಚಾರಣೆ, ಮೂರನೆಯದು ನೇಮಕಾತಿ ತಕರಾರು, ನಾಲ್ಕನೆಯದು ಮುಂದಿನ ಹುದ್ದೆಗೆ ಬೆಂಗಳೂರು ಓಡಾಟ. ಮರ ನೆಟ್ಟವರು ನೆರಳು ನೋಡುವ ಮಾತೇ ಇಲ್ಲ.

ಅಡ್ಡಪ್ರಶ್ನೆ

ಮೇಷ್ಟರೇ, ನಮಸ್ಕಾರ. ಪಾವಟೆಯವರ ಬಗ್ಗೆ ತಕರಾರಿಲ್ಲ. ಆದರೆ ‘ಹೆಚ್ಚು ವರ್ಷ ಕೂತವರು ಹೆಚ್ಚು ಒಳ್ಳೆಯದು ಮಾಡುತ್ತಾರೆ’ ಎಂಬ ತೀರ್ಮಾನಕ್ಕೆ ಈ ಚರ್ಚೆ ಜಾರುತ್ತಿದೆ, ಅದನ್ನು ತಡೆಯಬೇಕು. ಮೇಸ್ ಅವರನ್ನು ಹೊವರ್ಡ್‌ಗೆ ಕರೆದುಕೊಂಡ ಮಾರ್ಡೆಕಾಯ್ ಜಾನ್ಸನ್ ಅಲ್ಲಿ 1926ರಿಂದ 1960ರವರೆಗೆ ಅಧ್ಯಕ್ಷರಾಗಿದ್ದರು. ಆ ಪೀಳಿಗೆಯ ಕಪ್ಪು ಕಾಲೇಜುಗಳಲ್ಲಿ ಅಧ್ಯಕ್ಷರ ಮಾತೇ ಅಂತಿಮ, ಅಧ್ಯಾಪಕರಿಗೆ ದನಿಯಿಲ್ಲ ಎಂಬ ದೂರು ಆಗಲೇ ಇತ್ತು. ದೀರ್ಘಾವಧಿ ಎಂದರೆ ಕಟ್ಟಡವೂ ಹೌದು, ಪಾಳೆಯಗಾರಿಕೆಯೂ ಹೌದು. ನಮ್ಮ ಮಠಗಳ, ಮಂಡಳಿಗಳ ಕಾಲೇಜುಗಳಲ್ಲಿ ಎರಡನೆಯದನ್ನು ಕಂಡವರು ಇಲ್ಲಿ ಕೆಲವರಾದರೂ ಇರಬೇಕು.

ಇನ್ನೊಂದು. ನಿವೃತ್ತಿಯ ನಂತರ ಮೇಸ್ ಅಟ್ಲಾಂಟದ ಶಾಲಾ ಮಂಡಳಿಯ ಅಧ್ಯಕ್ಷರಾಗಿದ್ದಾಗ, 1973ರಲ್ಲಿ, ಬಿಳಿ ಮತ್ತು ಕಪ್ಪು ಮಕ್ಕಳನ್ನು ಬೆರೆಸಲು ದೊಡ್ಡ ಪ್ರಮಾಣದಲ್ಲಿ ಬಸ್ಸಿನಲ್ಲಿ ಸಾಗಿಸುವ ಬೇಡಿಕೆಯನ್ನು ಕೈಬಿಟ್ಟು, ಬದಲಿಗೆ ಆಡಳಿತದ ಹುದ್ದೆಗಳನ್ನು ಪಡೆದುಕೊಂಡ ರಾಜಿ ನಡೆಯಿತು. ಬದುಕಿಡೀ ಬೇರ್ಪಡಿಕೆಯನ್ನು ವಿರೋಧಿಸಿದವರು ಕೊನೆಗೆ ಹುದ್ದೆಗಾಗಿ ಅದನ್ನು ಒಪ್ಪಿಕೊಂಡರು ಎಂದು ಯಾಕೆ ಹೇಳಬಾರದು?

ಪೀಚ್‌ಟ್ರೀ ಕನ್ನಡಿಗ

ಹೇಳಬಹುದು, ಆಗಲೇ ಹೇಳಿದವರಿದ್ದಾರೆ. ಆ ರಾಜಿಗೆ ಒಪ್ಪಿದ್ದಕ್ಕಾಗಿ ಕಪ್ಪು ಜನರ ಹಕ್ಕುಗಳ ಸಂಘಟನೆಯಾದ ಎನ್‌ಎಎಸಿಪಿಯ ರಾಷ್ಟ್ರೀಯ ನಾಯಕತ್ವ ತನ್ನದೇ ಅಟ್ಲಾಂಟ ಶಾಖೆಯ ಅಧ್ಯಕ್ಷರಾದ ಲಾನಿ ಕಿಂಗ್ ಅವರನ್ನು ಅಮಾನತು ಮಾಡಿತು. ಆದರೆ ‘ಹುದ್ದೆಗಾಗಿ’ ಎಂಬುದು ನ್ಯಾಯವಲ್ಲ. ಆ ಹೊತ್ತಿಗೆ ಬಿಳಿಯರು ಊರು ಬಿಟ್ಟು ಉಪನಗರಗಳಿಗೆ ಹೋಗಿಯಾಗಿತ್ತು. ಅಟ್ಲಾಂಟದ ಸರ್ಕಾರಿ ಶಾಲೆಗಳಲ್ಲಿ ಕಪ್ಪು ಮಕ್ಕಳೇ ಬಹುಸಂಖ್ಯಾತರು. ಬಸ್ಸು ಓಡಿಸಿದರೆ ಬೆರೆಸುವುದು ಯಾರನ್ನು, ಯಾರ ಜೊತೆ? ಉಳಿದ ಬಿಳಿಯರೂ ಹೋಗಿಬಿಡುತ್ತಾರೆ ಎಂಬ ಭಯ ಮಂಡಳಿಗಿತ್ತು. ಅದರ ಬದಲು ಶಾಲೆಗಳನ್ನು ನಡೆಸುವ ಅಧಿಕಾರ ತಮ್ಮ ಕೈಗೆ ಬರಲಿ ಎಂದರು. ಆಲಾಂಜೊ ಕ್ರಿಮ್ ಅಟ್ಲಾಂಟದ ಮೊದಲ ಕಪ್ಪು ಶಾಲಾ ಮುಖ್ಯಾಧಿಕಾರಿಯಾದರು. ಇದು ಸರಿಯೋ ತಪ್ಪೋ ಎಂದು ಇಲ್ಲಿನವರು ಈಗಲೂ ವಾದಿಸುತ್ತಾರೆ. ನನ್ನ ಮಟ್ಟಿಗೆ, ಅದು ಆದರ್ಶವಾದಿಯ ನಿರ್ಧಾರವಲ್ಲ, 27 ವರ್ಷ ಸಂಸ್ಥೆ ನಡೆಸಿದವರ ನಿರ್ಧಾರ. ಬಕ್ ಬೆನ್ನಿ ಅಲ್ಲಿಯೂ ಲೆಕ್ಕ ಹಾಕಿದರು.

ಇನ್ನೊಂದು ವಿಷಯ. ಶಾಲಾ ಮಂಡಳಿಗೆ ಚುನಾವಣೆಯಲ್ಲಿ ನಿಂತು ಗೆದ್ದಾಗ, 1969ರಲ್ಲಿ, ಅವರಿಗೆ 75 ವರ್ಷ. ಮರುವರ್ಷ ಅದರ ಮೊದಲ ಕಪ್ಪು ಅಧ್ಯಕ್ಷರಾದರು. 1981ರವರೆಗೆ, 87ರ ವಯಸ್ಸಿನವರೆಗೆ ಅಲ್ಲಿದ್ದರು. ಅಧಿಕಾರ ಬಿಡಲಾರದ ಚಟ ಎನ್ನುವುದಾದರೆ ಅದನ್ನು ಇಲ್ಲಿ ಅನ್ವಯಿಸಿ, ನಾನು ತಡೆಯುವುದಿಲ್ಲ. ಅದೇ 1981ರಲ್ಲಿ ಅವರ ಹೆಸರಿನ ಪ್ರೌಢಶಾಲೆ ನೈರುತ್ಯ ಅಟ್ಲಾಂಟದಲ್ಲಿ ಶುರುವಾಯಿತು. ಆ ಕಡೆಯ ಒಂದು ರಸ್ತೆಗೂ ಅವರ ಹೆಸರಿದೆ.

ತೊಗರಿ ಸೀಮೆ

ಅಡ್ಡಪ್ರಶ್ನೆಯವರ ಪಾಳೆಯಗಾರಿಕೆ ಮಾತಿಗೆ ಯಾರೂ ಉತ್ತರಿಸಲಿಲ್ಲ. ಮೇಸ್ ಹಾಗಿದ್ದರೋ ಇಲ್ಲವೋ?

ಕಪಾಟಿನ ಧೂಳು

ಶಿಸ್ತಿನ ಮನುಷ್ಯ, ಸುಲಭಕ್ಕೆ ಬಗ್ಗುವವರಲ್ಲ, ಸಭೆಗೆ ಬರಲೇಬೇಕು ಎನ್ನುವವರು. ಆ ಅರ್ಥದಲ್ಲಿ ಹಳೆಯ ಕಾಲದ ಯಜಮಾನರೇ. ಆದರೆ ಪಾಳೆಯಗಾರರನ್ನು ಗುರುತಿಸಲು ನನ್ನ ಅಳತೆ ಬೇರೆ. ಎದುರು ಮಾತಾಡಿದವರನ್ನು ಏನು ಮಾಡಿದರು ಎಂದು ನೋಡಬೇಕು.

1956ರ ಫೆಬ್ರವರಿಯಲ್ಲಿ, ಬಸ್ಸುಗಳಲ್ಲಿನ ಬಣ್ಣಭೇದ ವಿರೋಧಿಸಿ ಕಪ್ಪು ಜನರು ಹೂಡಿದ ಮಾಂಟ್‌ಗೊಮರಿಯ ಬಸ್ ಬಹಿಷ್ಕಾರ ನಡೆಯುತ್ತಿತ್ತು. ಕಿಂಗ್ ಮತ್ತು ಸಂಗಡಿಗರ ಮೇಲೆ ಮೊಕದ್ದಮೆ ಬಿತ್ತು. ಕಿಂಗ್ ಅಟ್ಲಾಂಟದ ತಂದೆಯ ಮನೆಗೆ ಬಂದಿದ್ದರು. ಹಿಂದಿನ ತಿಂಗಳಷ್ಟೇ ಅವರ ಮನೆಗೆ ಬಾಂಬ್ ಎಸೆದಿದ್ದರು. ತಂದೆ ಹೆದರಿ ಊರಿನ ಹಿರಿಯರನ್ನೆಲ್ಲ ಕರೆಸಿ, ವಾಪಸ್ ಹೋಗಬೇಡ ಎಂದು ಹೇಳಿಸಲು ನೋಡಿದರು. ಮೇಸ್ ಕೂಡ ಆ ಕೋಣೆಯಲ್ಲಿದ್ದರು. ಹಿರಿಯರು ಒಬ್ಬೊಬ್ಬರಾಗಿ ತಂದೆಯ ಪಕ್ಷ ವಹಿಸಿದರು. ಕಿಂಗ್, ಜೈಲಿನಲ್ಲಿ ಹತ್ತು ವರ್ಷ ಕಳೆದರೂ ಸರಿ, ಜನರನ್ನು ಬಿಟ್ಟು ಇಲ್ಲಿ ಉಳಿಯಲಾರೆ ಎಂದು ಹೇಳಿ ಮೇಸ್ ಅವರ ಮುಖ ನೋಡಿದರು. ಕಿಂಗ್ ಹೇಳಿದ್ದೇ ಸರಿ ಎಂದು ಮೇಸ್ ಶಿಷ್ಯನ ಪರ ನಿಂತರು. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ತಿರುಗಿದರು. ಆ ಹೊತ್ತಿಗೆ ಮೇಸ್ 16 ವರ್ಷದಿಂದ ಅಧ್ಯಕ್ಷರು. ಜಾರ್ಜಿಯಾದ ಬಿಳಿಯ ರಾಜಕಾರಣಿಗಳಿಂದ, ದಾನಿಗಳಿಂದ ತೊಂದರೆ ತಂದುಕೊಳ್ಳದಿರಲು ಅವರಿಗೆ ಸಾವಿರ ಕಾರಣಗಳಿದ್ದವು. ಮುಂದೆ ಅಮೆರಿಕದ ಅಧ್ಯಕ್ಷ ಕೆನೆಡಿ ಮೇಸ್ ಅವರನ್ನು ರಾಷ್ಟ್ರೀಯ ಹುದ್ದೆಗೆ ಪರಿಗಣಿಸಿದಾಗ ಅಡ್ಡಗಾಲು ಹಾಕಿದವರೂ ಜಾರ್ಜಿಯಾದ ಸೆನೆಟರುಗಳೇ.

ಅಡ್ಡಪ್ರಶ್ನೆ

ಇದು ಒಪ್ಪುವ ಮಾತು. ಆದರೂ ಒಂದು ಕೋಣೆಯ ಕಥೆಯಿಂದ 27 ವರ್ಷ ಅಳೆಯಲಾಗದು ಎಂಬ ನನ್ನ ಮಾತು ಹಾಗೇ ಇರಲಿ.

ಅಶೋಕಪುರದ ಅಕ್ಕ

ಇಷ್ಟು ಹೊತ್ತು ಓದುತ್ತ ಕಾಯುತ್ತಿದ್ದೆ, ಯಾರಾದರೂ ಮೈಸೂರಿನ ವಿಷಯ ಎತ್ತುತ್ತಾರೆಂದು. ಯಾರೂ ಎತ್ತಲಿಲ್ಲ. ನಾನೇ ಬರೆಯುತ್ತೇನೆ.

1937ರ ಜನವರಿಯಲ್ಲಿ ವೈಎಂಸಿಎಗಳ ವಿಶ್ವ ಸಮ್ಮೇಳನ ನಡೆದದ್ದು ಮೈಸೂರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಆಗ ಹೊವರ್ಡ್‌ನಲ್ಲಿ ಡೀನ್ ಆಗಿದ್ದ ಮೇಸ್ ಅಮೆರಿಕದ ಪ್ರತಿನಿಧಿಗಳಲ್ಲಿ ಒಬ್ಬರು. ಬಂದಾಗ ಇಲ್ಲಿನ ಅಸ್ಪೃಶ್ಯ ಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯರು ಅವರನ್ನು ಮಾತಾಡಲು ಕರೆದರು. ಅಷ್ಟು ಜನ ಪ್ರತಿನಿಧಿಗಳಿರುವಾಗ ನನ್ನನ್ನೇ ಯಾಕೆ ಎಂದು ಮೇಸ್ ಕೇಳಿದರು. ನಮಗೆ ಕಪ್ಪು ಜನರವರೇ ಬೇಕು ಎಂಬ ಉತ್ತರ ಬಂತು. ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಕ್ಕಳಿಗೆ ಅವರನ್ನು ಪರಿಚಯಿಸಿದ್ದು ಅಮೆರಿಕದ ಅಸ್ಪೃಶ್ಯರಲ್ಲಿ ಒಬ್ಬರು ಎಂದು. ನೀವು ಇಲ್ಲಿ ಜಾತಿಯವರಿಂದ ಅನುಭವಿಸುವ ಎಲ್ಲ ಅವಮಾನವನ್ನೂ ಇವರು ಅಲ್ಲಿ ಬಿಳಿಯರಿಂದ ಅನುಭವಿಸಿದ್ದಾರೆ, ಆದರೂ ಇಷ್ಟು ಎತ್ತರಕ್ಕೆ ಬಂದಿದ್ದಾರೆ, ನೀವೂ ಬರಬಲ್ಲಿರಿ ಎಂದರು.

ಮೇಸ್ ಅವರಿಗೆ ಮೊದಲು ದಿಗಿಲು, ಗೊಂದಲ, ಸಿಟ್ಟು. ಪಿಎಚ್‌.ಡಿ. ಮಾಡಿದ ಡೀನ್, ದೇಶದ ಪ್ರತಿನಿಧಿಯಾಗಿ ಸಮುದ್ರ ದಾಟಿ ಬಂದವನು, ನನ್ನನ್ನು ಹೀಗೆನ್ನುವುದೇ ಎಂದು. ಸಿಟ್ಟು ಹೆಚ್ಚು ಹೊತ್ತು ನಿಲ್ಲಲಿಲ್ಲ. ಹುಟ್ಟಿದ ನಾಡಿನಲ್ಲಿ, ಅದರಲ್ಲೂ ದಕ್ಷಿಣದ ರಾಜ್ಯಗಳಲ್ಲಿ, ತಾನು ನಿಜಕ್ಕೂ ಅದೇ ಎಂದು ಆ ಕ್ಷಣದಲ್ಲಿ ಎಂದಿಗಿಂತ ಸ್ಪಷ್ಟವಾಗಿ ತಿಳಿಯಿತು ಎಂದು 1971ರ ಆತ್ಮಕಥೆಯಲ್ಲಿ ಬರೆದಿದ್ದಾರೆ.

ಇದನ್ನು ಮೊದಲು ಓದಿದಾಗ ನನಗೆ ಮೇಸ್ ಅವರಿಗಿಂತ ಹೆಚ್ಚು ಹಿಡಿಸಿದವರು ಆ ಮುಖ್ಯೋಪಾಧ್ಯಾಯರು. ನಾನಿರುವ ಬಡಾವಣೆಗೆ ಹಿಂದೆ ಆದಿಕರ್ನಾಟಕಪುರ ಎಂದು ಹೆಸರಿತ್ತು. ನಮ್ಮ ಅಜ್ಜ ಅಜ್ಜಿಯರ ಪೀಳಿಗೆ ಇಂಥ ಪಂಚಮ ಶಾಲೆಗಳಲ್ಲೇ ಅಕ್ಷರ ಕಲಿತದ್ದು. ಹಿಂದುಳಿದವರಿಗೆ ಸರ್ಕಾರಿ ಕೆಲಸದಲ್ಲಿ ಪಾಲು ಕೊಡುವ ಬಗ್ಗೆ ಮಿಲ್ಲರ್ ಸಮಿತಿ 1918ರಲ್ಲಿ ನೇಮಕವಾಯಿತು, ಮೈಸೂರು ಸಂಸ್ಥಾನ ಮುಂದಿತ್ತು ಎಂದೆಲ್ಲ ನಾವು ಹೆಮ್ಮೆಯಿಂದ ಹೇಳುತ್ತೇವೆ. ಹೇಳಬೇಕಾದದ್ದೇ. ಆದರೂ 1937ರಲ್ಲಿ ಆ ಮಕ್ಕಳಿಗೆ ಪ್ರತ್ಯೇಕ ಶಾಲೆ ಇತ್ತು ಎಂಬುದೂ ಅದೇ ಚರಿತ್ರೆ. ಆ ಶಾಲೆಯ ಒಬ್ಬ ಮೇಷ್ಟರು ಅಮೆರಿಕದ ಬಣ್ಣಭೇದವನ್ನೂ ನಮ್ಮ ಜಾತಿಯನ್ನೂ ಒಂದೇ ತಕ್ಕಡಿಗೆ ಹಾಕಿ ಮಕ್ಕಳಿಗೆ ವಿವರಿಸಿದರಲ್ಲ! ಈ ಹೋಲಿಕೆಯ ಮೇಲೆ ಇವತ್ತು ಅಮೆರಿಕದಲ್ಲಿ ದಪ್ಪ ದಪ್ಪ ಪುಸ್ತಕಗಳು ಬರುತ್ತಿವೆ.

ತೊಗರಿ ಸೀಮೆ

ಅಕ್ಕಾ, ಇದೇ ಕಥೆಯನ್ನು ಕಿಂಗ್ ಅವರ ಬಗ್ಗೆ ಕೇಳಿದ್ದೇನೆ. 1959ರಲ್ಲಿ ಭಾರತಕ್ಕೆ ಬಂದಾಗ ತಿರುವನಂತಪುರದ ಶಾಲೆಯೊಂದರಲ್ಲಿ ಹೀಗೆಯೇ ಪರಿಚಯಿಸಿದರೆಂದು. ಎರಡೂ ನಡೆದಿದ್ದೇ?

ಅಶೋಕಪುರದ ಅಕ್ಕ

ಹೌದು, ಕಿಂಗ್ ಅದನ್ನು 1965ರ ಜುಲೈ 4ರ ಒಂದು ಪ್ರವಚನದಲ್ಲಿ ಹೇಳಿದ್ದಾರೆ. ಮೊದಲು ಬೆಚ್ಚಿ, ಮುನಿದು, ಆಮೇಲೆ ಹೌದು ನಾನೂ ಅಸ್ಪೃಶ್ಯನೇ ಎಂದು ಒಪ್ಪಿಕೊಳ್ಳುವ ನಡೆ ಎರಡರಲ್ಲೂ ಒಂದೇ. ಮಂಗಳವಾರದ ಸಭೆಗಳಲ್ಲಿ ಗುರುವಿನಿಂದ ಮೈಸೂರಿನ ಕಥೆ ಕೇಳಿದ ಶಿಷ್ಯ ತನ್ನ ಅನುಭವವನ್ನು ಅದೇ ಅಚ್ಚಿನಲ್ಲಿ ಹೇಳಿರಬಹುದೇ ಎಂದು ವಿದ್ವಾಂಸರು ಕೇಳಿದ್ದಾರೆ. ಇರಬಹುದು. ಇಬ್ಬರಿಗೂ ಬೇರೆ ಬೇರೆಯಾಗಿ ಆಗಿರಲೂಬಹುದು. ದಲಿತ ಮಕ್ಕಳಿಗೆ ಪಾಠ ಹೇಳುವ ಎರಡು ಊರಿನ ಶಿಕ್ಷಕರಿಗೆ ಒಂದೇ ಮಾತು ಹೊಳೆಯುವುದರಲ್ಲಿ ಆಶ್ಚರ್ಯವೇನಿದೆ?

ಇನ್ನೊಂದು ಸಂಗತಿ. ಅದೇ ಪ್ರವಾಸದಲ್ಲಿ, ಹೊಸ ವರ್ಷದ ಆಸುಪಾಸಿನಲ್ಲಿ, ಮೇಸ್ ಮತ್ತು ವೈಎಂಸಿಎಯ ಇನ್ನೊಬ್ಬ ಕಪ್ಪು ನಾಯಕ ಚಾನಿಂಗ್ ಟೋಬಿಯಾಸ್ ವಾರ್ಧಾದ ಬಳಿ ಗಾಂಧಿಯನ್ನು ಭೇಟಿಯಾಗಿ ಸುಮಾರು ಒಂದೂವರೆ ಗಂಟೆ ಮಾತಾಡಿದರು. ಅಹಿಂಸೆ ಎಂದರೆ ಸುಮ್ಮನೆ ಕೂರುವುದಲ್ಲ, ಹಿಂಸೆಗಿಂತ ಹೆಚ್ಚು ಕ್ರಿಯಾಶೀಲವಾದದ್ದು ಎಂದು ಗಾಂಧಿ ಹೇಳಿದರು. ಅಲ್ಪಸಂಖ್ಯಾತರು ಬಹುಸಂಖ್ಯಾತರ ಎದುರು ಏನು ಮಾಡಬಲ್ಲರು ಎಂದು ಮೇಸ್ ಕೇಳಿದ್ದಕ್ಕೆ, ಅಹಿಂಸೆಯ ದಾರಿಯಲ್ಲಿ ಅಲ್ಪಸಂಖ್ಯಾತರೇ ಹೆಚ್ಚು ಮಾಡಬಲ್ಲರು ಎಂಬ ಉತ್ತರ. ಮರಳಿದ ಮೇಲೆ ಮೇಸ್ ಇದನ್ನೆಲ್ಲ ಕಪ್ಪು ಜನರ ಪತ್ರಿಕೆಗಳಲ್ಲಿ ಬರೆದರು. ಮೋರ್‌ಹೌಸಿನ ಹುಡುಗರು ಗಾಂಧಿಯ ಹೆಸರನ್ನು ಕಾಲೇಜಿನ ಸಭೆಯಲ್ಲೇ ಕೇಳಿದರು.

ಆದರೆ ಅವರು ಜಾತಿಯ ಬಗ್ಗೆಯೂ ಕೇಳಿದ್ದರು: ಅಸ್ಪೃಶ್ಯತೆಯನ್ನು ವಿರೋಧಿಸುವ ನೀವು ಜಾತಿಯನ್ನೇ ಯಾಕೆ ವಿರೋಧಿಸುವುದಿಲ್ಲ ಎಂದು. ಗಾಂಧಿ ಅದನ್ನು ಕೆಲಸದ ಹಂಚಿಕೆ ಎಂಬ ಹಳೆಯ ವಾದದಲ್ಲೇ ಸಮರ್ಥಿಸಿದರು. ಇಸವಿ ಗಮನಿಸಿ. ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ (ಜಾತಿ ಮುರಿಯುವ ಸಂಘ) ರದ್ದುಪಡಿಸಿದ ಸಭೆಯ ಭಾಷಣವನ್ನು ಅಂಬೇಡ್ಕರ್ ತಾವೇ ಅಚ್ಚು ಹಾಕಿಸಿದ್ದು 1936ರ ಮೇ ತಿಂಗಳಲ್ಲಿ, ಗಾಂಧಿ ‘ಹರಿಜನ’ ಪತ್ರಿಕೆಯಲ್ಲಿ ಉತ್ತರ ಕೊಟ್ಟದ್ದು ಜುಲೈಯಲ್ಲಿ. ಆ ಬಿಸಿ ಆರುವ ಮೊದಲೇ ಮೇಸ್ ಅದೇ ಪ್ರಶ್ನೆ ಕೇಳಿದ್ದಾರೆ. ಅವರು ಅಂಬೇಡ್ಕರ್ ಅವರನ್ನೂ ಭೇಟಿಯಾಗಿದ್ದರೆ ಮಂಗಳವಾರದ ಭಾಷಣಗಳು ಹೇಗಿರುತ್ತಿದ್ದವು ಎಂದು ನನಗೆ ಆಗಾಗ ಅನ್ನಿಸುತ್ತದೆ.

ಸಾಧನಕೇರಿ ಮೇಷ್ಟರು

ತಾಯಿ, ಇದು ನನಗೆ ಪೂರ್ತಿ ಹೊಸದು. ಇಷ್ಟು ವರ್ಷ ಮೈಸೂರಿಗೆ ಮೌಲ್ಯಮಾಪನಕ್ಕೆ ಬಂದು ಹೋಗಿದ್ದೇನೆ, ಒಬ್ಬರೂ ಈ ಮಾತು ಆಡಿದ್ದಿಲ್ಲ. ಒಂದು ಸಣ್ಣ ಲೆಕ್ಕ ನೋಡಿ: ಅವರು ಮೈಸೂರಿನಿಂದ ಹೋಗಿ ಮೂರು ವರ್ಷಕ್ಕೆ ಅಧ್ಯಕ್ಷರಾದರು. ಮಕ್ಕಳ ಎದುರು ನಿಂತು ಏನು ಹೇಳಬೇಕೆಂಬುದನ್ನು ಇಲ್ಲಿನ ಮೇಷ್ಟರೊಬ್ಬರಿಂದ ಸ್ವಲ್ಪವಾದರೂ ಕಲಿತು ಹೋದರೆಂದು ನಾನು ನಂಬಲು ಇಷ್ಟಪಡುತ್ತೇನೆ.

ಅಡ್ಡಪ್ರಶ್ನೆ

ನಂಬಲು ಇಷ್ಟಪಡುವುದಕ್ಕೆ ಪುರಾವೆ ಬೇಡ ಮೇಷ್ಟರೇ, ಆದರೆ ಬೇಟ್ಸ್ ಕಾಲೇಜಿನ ಭಾಷಣ ಸ್ಪರ್ಧೆ 1918ರ ಆಸುಪಾಸಿನದು. ಮಾತಾಡಲು ಅವರಿಗೆ ಮೊದಲೇ ಬರುತ್ತಿತ್ತು.

ಸಾಧನಕೇರಿ ಮೇಷ್ಟರು

ನೀವು ಎಲ್ಲಿಯಾದರೂ ಪಾಠ ಹೇಳಿದ್ದರೆ ಭಾಷಣಕ್ಕೂ ಅದಕ್ಕೂ ಇರುವ ವ್ಯತ್ಯಾಸ ತಿಳಿಯುತ್ತಿತ್ತು.

ಪೀಚ್‌ಟ್ರೀ ಕನ್ನಡಿಗ

ಜಗಳ ಬೇಡ. ಇಲ್ಲಿಗೆ ಬರುವವರಿಗೆ ಒಂದು ಮಾಹಿತಿ: ಮೇಸ್ ತೀರಿಕೊಂಡದ್ದು 1984ರ ಮಾರ್ಚ್ 28ರಂದು. ಅವರ ಮತ್ತು ಪತ್ನಿ ಸೇಡಿಯವರ ಸಮಾಧಿ ಈಗ ಕಾಲೇಜಿನ ಆವರಣದಲ್ಲೇ, ಗ್ರೇವ್ಸ್ ಹಾಲ್ ಎಂಬ ಹಳೆಯ ಕಟ್ಟಡದ ಮುಂದೆ ಇದೆ. ಪ್ರತಿಮೆಯೂ ಇದೆ. ಹುಟ್ಟಿದ ಮನೆಯನ್ನು, ಅಂದರೆ ಆ ಮರದ ಗುಡಿಸಲನ್ನು, ದಕ್ಷಿಣ ಕ್ಯಾರೊಲೈನಾದ ಗ್ರೀನ್‌ವುಡ್ ಪಟ್ಟಣಕ್ಕೆ ಸಾಗಿಸಿ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಕಿಂಗ್ ಸ್ಮಾರಕ ನೋಡಲು ಬರುವ ನಮ್ಮವರನ್ನು ಮೋರ್‌ಹೌಸಿಗೂ ಕರೆದೊಯ್ಯುತ್ತೇನೆ ಎಂದರೆ ಹೆಚ್ಚಿನವರು ಕೋಕಾ ಕೋಲಾ ಮ್ಯೂಸಿಯಂ ಮುಚ್ಚಿಬಿಡುತ್ತದೆ ಎನ್ನುತ್ತಾರೆ.

ಅಲ್ಲಿ ಓದಿ ಹೊರಬಂದವರ ಪಟ್ಟಿಯಲ್ಲಿ ಕಿಂಗ್ ಒಬ್ಬರೇ ಅಲ್ಲ. ಅಟ್ಲಾಂಟದ ಮೊದಲ ಕಪ್ಪು ಮೇಯರ್ ಮೇನಾರ್ಡ್ ಜಾಕ್ಸನ್ 14ನೆಯ ವಯಸ್ಸಿನಲ್ಲಿ ಸೇರಿ 1956ರಲ್ಲಿ ಪದವಿ ಪಡೆದವರು. 1960ರಲ್ಲಿ ಕಪ್ಪು ಜನರಿಗೆ ಬಡಿಸದ ಊಟದ ಕೌಂಟರುಗಳ ಮುಂದೆ ಸತ್ಯಾಗ್ರಹಕ್ಕೆ ಕೂತ ಜೂಲಿಯನ್ ಬಾಂಡ್, ಲಾನಿ ಕಿಂಗ್ ಇಬ್ಬರೂ ಮೋರ್‌ಹೌಸಿನ ಹುಡುಗರು. ಹೌದು, 1973ರ ರಾಜಿಯ ಅದೇ ಲಾನಿ ಕಿಂಗ್.

ಅಶೋಕಪುರದ ಅಕ್ಕ

ನನಗೆ ಬೇಕಿರುವುದು ಒಂದೇ. ಆ ಶಾಲೆ ಯಾವುದು, ಆ ಮುಖ್ಯೋಪಾಧ್ಯಾಯರು ಯಾರು? ‘ಕಪಾಟಿನ ಧೂಳು’ ಅವರು ಗ್ರಂಥಾಲಯದ ಕಡೆಯವರು ಎಂದು ಹೆಸರಿನಿಂದ ಊಹಿಸಿ ಕೇಳುತ್ತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಕಪಾಟಿನ ಧೂಳು

ಸರಿಯಾಗಿಯೇ ಊಹಿಸಿದಿರಿ ಮೇಡಂ. ಮೊದಲು ‘ಸಾಧ್ವಿ’ ಮತ್ತು ‘ತಾಯಿನಾಡು’ ಪತ್ರಿಕೆಗಳ 1937ರ ಜನವರಿಯ ಸಂಚಿಕೆಗಳು. ವಿಶ್ವ ಸಮ್ಮೇಳನ ಎಂದ ಮೇಲೆ ವರದಿ ಬಂದೇ ಇರುತ್ತದೆ. ಆಮೇಲೆ ಸಂಸ್ಥಾನದ ವಿದ್ಯಾ ಇಲಾಖೆಯ ಆ ಸಾಲಿನ ಕಡತಗಳು, ರಾಜ್ಯ ಪತ್ರಾಗಾರದಲ್ಲಿ. ಅದಕ್ಕೂ ಮೊದಲು ನಿಮ್ಮ ಬಡಾವಣೆಯಲ್ಲಿ ತೊಂಬತ್ತು ದಾಟಿದವರು ಯಾರಾದರೂ ಇದ್ದರೆ ಈ ವಾರವೇ ಹೋಗಿ ಕೇಳಿ. ಕಡತಗಳು ಕಾಯುತ್ತವೆ.